ಕೆಂಜಿಹಾಳಕ್ಕೆ ಎರಡು ಮತಗಟ್ಟೆ, ನೀಲದಿನ್ನಿಗೆ ಒಂದೂ ಇಲ್ಲ

ಮತಗಟ್ಟೆ ಎಲ್ಲಿರಬೇಕು, ಎಲ್ಲಿ ಇರಕೂಡದು ಎಂಬುದನ್ನು ಒಂದು ಸಹಿಯಿಂದ ನಿರ್ಣಯಿಸುವ ಮಾನ್ಯ ಅಧಿಕಾರಿಗಳೇ,

ನನಗೆ ಹೊಟ್ಟೆಕಿಚ್ಚಾಗಿದೆ. ವಿಜ್ಞಾಪನಾ ಪತ್ರವೊಂದನ್ನು ಹೀಗೆ ಆರಂಭಿಸಬಾರದೆಂದು ನಾನು ಬಲ್ಲೆ. ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದೋ ‘ಸಮಸ್ತ ಗ್ರಾಮಸ್ಥರ ಪರವಾಗಿ’ ಎಂದೋ ಆರಂಭಿಸುವುದು ವಾಡಿಕೆ. ಹಾಗೆ ಆರಂಭವಾದ ನನ್ನ ಮೂರು ಪತ್ರಗಳು ತಮ್ಮ ಕಚೇರಿಯ ಯಾವುದೋ ಕಡತದಲ್ಲಿ ಸುಖವಾಗಿ ವಿಶ್ರಮಿಸುತ್ತಿವೆ. ಆದ್ದರಿಂದ ಈ ನಾಲ್ಕನೆಯದನ್ನು ನಾಲ್ಕು ಜನ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುವಾಗ ಸುಳ್ಳು ಹೇಳಲು ಈ ವಯಸ್ಸಿನಲ್ಲಿ ನಾಚಿಕೆಯಾಗುತ್ತದೆ. ತಾವು ಹೊರಡಿಸಿದ ಮತಗಟ್ಟೆಗಳ ಕರಡು ಪಟ್ಟಿ ಮೊನ್ನೆ ಸೋಮವಾರ ನಮ್ಮ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿತು. ಅದರ ಪ್ರಕಾರ ಕೆಂಜಿಹಾಳದ ಸರ್ಕಾರಿ ಶಾಲೆಯ ಬಲಗಡೆಯ ಕೋಣೆಯಲ್ಲೊಂದು ಮತಗಟ್ಟೆ, ಎಡಗಡೆಯ ಕೋಣೆಯಲ್ಲಿ ಇನ್ನೊಂದು. ಆರುನೂರ ಹನ್ನೊಂದು ಮತದಾರರುಳ್ಳ ನಮ್ಮ ನೀಲದಿನ್ನಿಯಲ್ಲಿ ಒಂದೂ ಇಲ್ಲ. ನಮ್ಮ ಮತಗಟ್ಟೆಯನ್ನು ನಮಗೆ ಮರಳಿಸಬೇಕು. ಆಕ್ಷೇಪಣೆ ಸಲ್ಲಿಸಲು ತಾವು ಕೊಟ್ಟದ್ದು ಏಳು ದಿನ; ಈ ಪತ್ರ ಅಚ್ಚಾಗುವ ಹೊತ್ತಿಗೆ ಮೂರು ಉಳಿದಿರುತ್ತವೆ.

ನಲವತ್ತೆರಡು ವರ್ಷ ಶ್ರಾವಣ ಮಾಸದಲ್ಲಿ ಪುರಾಣ ಹೇಳಿದವನು ನಾನು. ಅರಿಷಡ್ವರ್ಗಗಳಲ್ಲಿ ಮಾತ್ಸರ್ಯವನ್ನು ಕಟ್ಟಕಡೆಗೆ ಏಕೆ ಇಟ್ಟರೆಂದು ಕೇಳುಗರು ಪ್ರಶ್ನಿಸಿದಾಗಲೆಲ್ಲ ಏನೋ ಒಂದು ಸಮಾಧಾನ ಹೇಳಿ ಮುಂದಿನ ಸಂಧಿಗೆ ಹೋಗುತ್ತಿದ್ದೆ. ನಿಜವಾದ ಸಮಾಧಾನ ನನಗೆ ಈಗ ತಿಳಿದಿದೆ. ಉಳಿದ ಐದೂ ವಯಸ್ಸಿನೊಡನೆ ಸವೆಯುತ್ತವೆ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಕಾಮ ಹೇಳದೆ ಕೇಳದೆ ಹೊರಟುಹೋಗಿದೆ. ಕ್ರೋಧವನ್ನು ರಕ್ತದೊತ್ತಡದ ಗುಳಿಗೆ ಹಿಡಿದಿಟ್ಟಿದೆ. ಲೋಭಕ್ಕೆ ಹಲ್ಲು ಉಳಿದಿಲ್ಲ. ಮೋಹಕ್ಕೆ ಮರೆವು ಬಂದಿದೆ. ಮದ ಮಂಡಿನೋವಿಗೆ ಮಣಿದಿದೆ. ಮಾತ್ಸರ್ಯವೊಂದೇ ದಿನದಿನಕ್ಕೆ ಹರೆಯಕ್ಕೆ ಬರುತ್ತಿದೆ. ಸಂಜೆ ವಿಭೂತಿ ಧರಿಸಿ ಕಟ್ಟೆಯ ಮೇಲೆ ಕುಳಿತರೆ ಕಾಲುವೆಯಾಚೆ ಕೆಂಜಿಹಾಳದ ಎತ್ತರದ ಕಂಬದ ಮೇಲೆ ಆರು ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಶಿವಧ್ಯಾನಕ್ಕೆಂದು ಕಣ್ಣು ಮುಚ್ಚಿದರೆ ರೆಪ್ಪೆಯೊಳಗೂ ಅವೇ ಆರು ದೀಪಗಳು. ಅರಿಷಡ್ವರ್ಗವನ್ನು ಕಂಬಕ್ಕೆ ಕಟ್ಟಿ ನನ್ನ ಮನೆಯೆದುರು ನಿಲ್ಲಿಸಿದವರು ಯಾರೆಂದು ಕೇಳಿದರೆ, ಸಂಸದರ ನಿಧಿ ಎನ್ನುತ್ತಾರೆ.

ಆ ಊರಿನ ಸೌಭಾಗ್ಯ ದೀಪಕ್ಕೆ ಮುಗಿಯುವುದಿಲ್ಲ. ದೀಪ ಸಂಸದರದು, ಸಮುದಾಯ ಭವನ ಶಾಸಕರದು, ಶುದ್ಧ ನೀರಿನ ಘಟಕ ಜಿಲ್ಲಾ ಪಂಚಾಯಿತಿಯದು, ಓದುವ ಕೋಣೆ ಗ್ರಾಮ ಪಂಚಾಯಿತಿಯದು. ಪರಸ್ಪರ ಮುಖ ನೋಡದ ನಾಲ್ಕು ಹಂತದ ಆಡಳಿತಗಳು ಒಂದೇ ಊರಿಗೆ ಹೀಗೆ ಒಟ್ಟಾಗಿ ಒಲಿದ ಉದಾಹರಣೆ ಪುರಾಣಗಳಲ್ಲಿಯೂ ವಿರಳ. ಮೊದಲು ಸಿಂಧನೂರಿನಿಂದ ಬರುವ ಬಸ್ಸು ನಮ್ಮ ಊರ ಮುಂದಿನ ಬೇವಿನ ಮರಕ್ಕೆ ಸುತ್ತು ಹಾಕಿ ಮರಳುತ್ತಿತ್ತು. ಈಗ ಕೆಂಜಿಹಾಳದಲ್ಲಿ ಸುತ್ತು ಹಾಕುತ್ತದೆ. ನಮಗೆ ಏನೂ ಸಿಗಲಿಲ್ಲ ಎಂದರೆ ಸುಳ್ಳಾದೀತು. ಒಂದು ಫಲಕ ಸಿಕ್ಕಿದೆ. ನಮ್ಮದೇ ನೆಲದಲ್ಲಿ ಕಂಬ ನೆಟ್ಟು ‘ಕೆಂಜಿಹಾಳ ೪ ಕಿ.ಮೀ.’ ಎಂದು ಬಾಣದ ಗುರುತಿನೊಂದಿಗೆ ಬರೆದಿದ್ದಾರೆ.

ಕೆಂಜಿಹಾಳದ ಆದೆಪ್ಪ ನನ್ನ ಓರಗೆಯವನು. ಚಿಕ್ಕಂದಿನಲ್ಲಿ ಅವನು ದಿನವೂ ನಡೆದುಬಂದು ನಮ್ಮ ಊರಿನ ಶಾಲೆಯಲ್ಲೇ ಅಕ್ಷರ ಕಲಿತವನು, ಏಕೆಂದರೆ ಆಗ ಅವರ ಊರಿನಲ್ಲಿ ಶಾಲೆಯೇ ಇರಲಿಲ್ಲ. (ಈ ವಾಕ್ಯವನ್ನು ಬರೆಯುವಾಗ ನನಗೆ ಸುಖವಾಯಿತೆಂಬುದನ್ನೂ ದಾಖಲಿಸುತ್ತೇನೆ.) ಪಟ್ಟಿ ಅಂಟಿದ ಮರುದಿನ ಸಿಂಧನೂರಿನ ಔಷಧದ ಅಂಗಡಿಯೆದುರು ಸಿಕ್ಕ. ದೂರದಿಂದಲೇ ಕೈ ಎತ್ತಿ, ಅಂಗಡಿಯಲ್ಲಿದ್ದವರೆಲ್ಲ ಕೇಳುವಂತೆ ಕೂಗಿದ:

“ಏನ್ರೀ ಅಯ್ಯಾರ, ಬರೋ ಎಲೆಕ್ಷನ್ನಿಗೂ ನಮ್ಮೂರಿಗೇ ಬರ್ತೀರಲ್ಲ? ಈ ಸಲ ಎರಡು ಖೋಲಿ ಅದಾವ. ನಿಮಗ ಯಾವ ಖೋಲಿ ಬೇಕು, ಮೊದ್ಲ ಹೇಳಿಬಿಡ್ರಿ, ಟಾವೆಲ್ ಹಾಕಿ ಜಾಗಾ ಹಿಡಿತೀನಿ.”

ನಾನು ನಕ್ಕೆ. ಆ ನಗುವಿನ ಬೆಲೆಯಾಗಿ ಎರಡು ದಿನ ನನಗೆ ಅನ್ನ ರುಚಿಸಲಿಲ್ಲ.

ಮತಗಟ್ಟೆ ಯಾವ ಊರಿನಲ್ಲಿದ್ದರೇನು, ಮತ ಮತವೇ ಅಲ್ಲವೆ ಎಂದು ತಾವು ಕೇಳಬಹುದು. ತಮ್ಮ ಕಚೇರಿಯ ಗುಮಾಸ್ತರು ಹಾಗೆಯೇ ಕೇಳಿದರು. ಈ ಪ್ರಶ್ನೆಗೆ ಉತ್ತರಿಸುವ ಸಲುವಾಗಿಯೇ ನಾನು ಈ ಮುಪ್ಪಿನಲ್ಲಿ ಆಡಳಿತ ವ್ಯವಸ್ಥೆಯನ್ನು, ಹಿಂದೆ ಶಾಸ್ತ್ರವನ್ನು ಓದಿದ ಶ್ರದ್ಧೆಯಿಂದಲೇ ಓದಿದೆ. ನಮ್ಮದು ಸಂಸದೀಯ ಪದ್ಧತಿ. ಪ್ರಧಾನಮಂತ್ರಿಯನ್ನು ನಾವು ನೇರವಾಗಿ ಆರಿಸುವುದಿಲ್ಲ, ಮುಖ್ಯಮಂತ್ರಿಯನ್ನೂ ಆರಿಸುವುದಿಲ್ಲ. ನಾವು ಒಬ್ಬ ಸದಸ್ಯನನ್ನು ಆರಿಸಿ ಕಳುಹಿಸುತ್ತೇವೆ. ಅಂಥ ಸದಸ್ಯರಲ್ಲಿ ಹೆಚ್ಚಿನವರು ಯಾರ ಬೆನ್ನಿಗೆ ನಿಲ್ಲುತ್ತಾರೋ ಅವರು ಸರ್ಕಾರ ನಡೆಸುತ್ತಾರೆ. ಬೆನ್ನಿಗೆ ನಿಂತವರು ಸರಿದ ದಿನ ಸರ್ಕಾರ ಕೆಳಗಿಳಿಯುತ್ತದೆ. ಕೆಳಗೆ ಗ್ರಾಮ ಪಂಚಾಯಿತಿ, ಅದರ ಮೇಲೆ ತಾಲ್ಲೂಕು, ಅದರ ಮೇಲೆ ಜಿಲ್ಲೆ, ಅದರ ಮೇಲೆ ವಿಧಾನಸಭೆ, ಎಲ್ಲಕ್ಕೂ ಮೇಲೆ ಸಂಸತ್ತು. ಈ ಮೆಟ್ಟಿಲುಗಳನ್ನು ಹತ್ತುವುದರಲ್ಲಿ ನಮ್ಮ ಊರಿನವರು ಹೊಸಬರಲ್ಲ. ನಮ್ಮ ಹಳೆಯ ಕಾಗದಗಳು ಲಿಂಗಸುಗೂರಿನಲ್ಲಿ. ಮಸ್ಕಿ ತಾಲ್ಲೂಕಾದ ಮೇಲೆ ಹೊಸ ಕಾಗದಗಳು ಮಸ್ಕಿಯಲ್ಲಿ. ಸಂತೆ, ಆಸ್ಪತ್ರೆ, ಔಷಧಗಳೆಲ್ಲ ಸಿಂಧನೂರಿನಲ್ಲಿ. ಜಿಲ್ಲೆ ರಾಯಚೂರಾದರೆ ಲೋಕಸಭಾ ಕ್ಷೇತ್ರ ಕೊಪ್ಪಳ. ಒಂದೇ ದೇಹಕ್ಕೆ ಐದು ದಿಕ್ಕಿನಿಂದ ಹಗ್ಗ ಕಟ್ಟಿದಂತಿದ್ದರೂ ನಾವು ಗೊಣಗಿದವರಲ್ಲ.

ಆದರೆ ಇಷ್ಟು ಎತ್ತರದ ಸೌಧ ನಿಂತಿರುವುದು ಯಾವುದರ ಮೇಲೆ? ಶಾಲೆಯ ಒಂದು ಕೋಣೆ, ಒಂದು ಮೇಜು, ಸುತ್ತ ಮರೆಗೆ ಇಟ್ಟ ಒಂದು ರಟ್ಟು. ಸಂಸತ್ತಿನ ಕಂಬಗಳು ನೆಲ ಮುಟ್ಟುವ ಜಾಗ ಅದೊಂದೇ. ಅಲ್ಲಿ ಬಿದ್ದ ಮತಗಳ ಎಣಿಕೆ ಮುಗಿದ ಮೇಲೆ ಮತಗಟ್ಟೆವಾರು ಲೆಕ್ಕದ ಹಾಳೆಯೊಂದು ಹೊರಬರುತ್ತದೆ. ಗೆದ್ದವರೂ ಸೋತವರೂ ಆ ಹಾಳೆಯನ್ನು ನಿತ್ಯಪೂಜೆಯ ಪುಸ್ತಕದಂತೆ ಕಾಪಾಡುತ್ತಾರೆ. ಊರೊಂದು ಶಾಸಕರ ಕಣ್ಣಿಗೆ ಕಾಣುವುದು ಆ ಹಾಳೆಯ ಒಂದು ಸಾಲಾಗಿ. ಆ ಹಾಳೆಯಲ್ಲಿ ‘ಕೆಂಜಿಹಾಳ’ ಎಂದಿದೆ. ನೀಲದಿನ್ನಿ ಎಂಬ ಹೆಸರೇ ಇಲ್ಲ. ನಮ್ಮ ಆರುನೂರ ಹನ್ನೊಂದು ಮತಗಳು ಅವರ ಹೆಸರಿನಲ್ಲಿ ಎಣಿಕೆಯಾಗುತ್ತವೆ. ಗೆದ್ದವರು ಕೃತಜ್ಞತೆ ಹೇಳಲು ಜೀಪಿನಲ್ಲಿ ಬಂದು ಇಳಿಯುವುದು ಕೆಂಜಿಹಾಳದಲ್ಲಿ. ನಮ್ಮವರು ಹಿಂದಿನ ಸಾಲಿನಲ್ಲಿ ನಿಂತು, ನಮ್ಮದೇ ಮತಕ್ಕೆ ಇನ್ನೊಬ್ಬರು ಹಾರ ಹಾಕಿಸಿಕೊಳ್ಳುವುದನ್ನು ನೋಡಿ ಚಪ್ಪಾಳೆ ತಟ್ಟಿ ಬರುತ್ತಾರೆ. ಪಂಚಾಯಿತಿ ಚುನಾವಣೆಗೆ ಬೇರೆ ಆಯೋಗ, ಬೇರೆ ಪಟ್ಟಿ ಎಂದು ಕೇಳಿ ಸ್ವಲ್ಪ ಆಸೆಪಟ್ಟಿದ್ದೆ. ಅವರೂ ಜಾಗವನ್ನು ಮಾತ್ರ ತಾವು ಹೊರಡಿಸಿದ ಪಟ್ಟಿ ನೋಡಿಯೇ ಗೊತ್ತುಮಾಡುತ್ತಾರಂತೆ. ಮಾನ್ಯರೇ, ಈಗ ಹೇಳಿರಿ, ನಾನು ಮತ್ಸರಿಸದೆ ಇನ್ನೇನು ಮಾಡಲಿ?

ನಮ್ಮ ಮತಗಟ್ಟೆ ನಮ್ಮ ಊರಿನಿಂದ ಹೋದದ್ದಾದರೂ ಹೇಗೆ? ತಾವು ಕಿತ್ತುಕೊಂಡಿರಿ ಎಂದು ಬರೆಯಲು ಲೇಖನಿ ತವಕಿಸುತ್ತಿದೆ. ಆದರೆ ಕೊರಳಲ್ಲಿ ಲಿಂಗವಿದೆ. ಅದನ್ನು ಕಳೆದವನು ನಾನು.

ಮೂರು ವರ್ಷಗಳ ಹಿಂದಿನ ಮಾತು, ಅಂದರೆ ಕಳೆದ ವಿಧಾನಸಭಾ ಚುನಾವಣೆಗೆ ಇನ್ನೂ ಆರು ತಿಂಗಳಿರುವಾಗಿನದು. ಕೆಂಜಿಹಾಳದ ಭವನದ ಉದ್ಘಾಟನೆಯಾಯಿತು. ಬಾಗಿಲ ಪಕ್ಕ ಕರಿಕಲ್ಲಿನ ಫಲಕ, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ, ‘ಸ್ಥಳದಾನಿ’ ಎಂಬ ಬಿರುದಿನೊಡನೆ ಆದೆಪ್ಪನ ಹೆಸರು. ನಾನು ಅದನ್ನು ಒಮ್ಮೆ ಓದಿದೆ, ಮನೆಗೆ ಬಂದ ಮೇಲೆ ಮನಸ್ಸಿನಲ್ಲಿ ನೂರು ಸಲ ಓದಿದೆ. ಆದೆಪ್ಪನದು ನಿನ್ನೆಯ ದಾನ. ನಮ್ಮ ಊರಿನ ಶಾಲೆಯ ಜಾಗವನ್ನಾದರೋ ನನ್ನ ಅಜ್ಜನವರು ನಿಜಾಮರ ಕಾಲದಲ್ಲೇ ಕೊಟ್ಟವರು. ಶಾಲೆ ಬಸವಣ್ಣನ ಗುಡಿಗೆ ಮಗ್ಗುಲು ಹಚ್ಚಿಕೊಂಡಿದೆ. ಅದು ದೇವರ ಜಾಗ ಎಂದು ಮನೆಯಲ್ಲಿ ಹೇಳುವುದನ್ನು ಕೇಳುತ್ತ ಬೆಳೆದವನು ನಾನು. ಮರುದಿನವೇ ದಾವಲ್‌ಸಾಬನನ್ನು ಕರೆಸಿದೆ. ಸಿಂಧನೂರಿನಿಂದ ಮಸ್ಕಿಯವರೆಗೆ ಅಂಗಡಿಯ ಫಲಕ, ಟ್ರ್ಯಾಕ್ಟರಿನ ಹೆಸರು, ಮದುವೆಯ ಮನೆಯ ಗೋಡೆ ಎಲ್ಲವನ್ನೂ ಬರೆದ ಕೈ ಅವನದು. ನನಗಿಂತ ನಾಲ್ಕು ವರ್ಷ ಚಿಕ್ಕವನು. ನನಗೆ ಹೆದರದೆ ಮಾತನಾಡುವ ಇಬ್ಬರಲ್ಲಿ ಒಬ್ಬ.

“ಅಯ್ಯಾರ, ಸಾಲಿ ಗ್ವಾಡಿ ಮ್ಯಾಲ ದೇವ್ರ ಹೆಸರು ಯಾಕ್ರೀ?” ಎಂದ ಅವನು, ಕುಂಚ ಕೆಳಗಿಟ್ಟು. “ದೇವ್ರಿಗೂ ಹಾಜರಿ ಕೂಗ್ತೀರೇನು?”

“ನೀ ಬರಿಯಾಕ ಬಂದೀಯೋ, ಕೇಳಾಕ ಬಂದೀಯೋ?”

“ಬರಿತೀನ್ರೀ, ಬರಿತೀನಿ. ಎಷ್ಟು ದೊಡ್ಡದು ಬರೀಲಿ?”

“ಕೆಂಜಿಹಾಳಕ್ಕ ಕಾಣಬೇಕು,” ಎಂದೆ.

ಹಾಗೆಯೇ ಬರೆದ. ಶಾಲೆಯ ಹಿಂಗೋಡೆಯ ಮೇಲೆ, ಒಂದು ಗೇಣಿನ ಕೆಂಪು ಅಕ್ಷರಗಳಲ್ಲಿ: ‘ಈ ಸ್ಥಳವು ಶ್ರೀ ಬಸವೇಶ್ವರ ದೇವಸ್ಥಾನದ ಸ್ವತ್ತು. ದಾನಿಗಳು: ಅಯ್ಯನವರ ಮನೆತನ, ನೀಲದಿನ್ನಿ.’

ಎರಡು ತಿಂಗಳ ನಂತರ ತಮ್ಮ ಕಚೇರಿಯ ಸಿಬ್ಬಂದಿಯೊಬ್ಬರು ಮತಗಟ್ಟೆಗಳ ತಪಾಸಣೆಗೆ ಬಂದರು. ಗಾಲಿಕುರ್ಚಿ ಹತ್ತುವ ಇಳಿಜಾರು ಇದೆಯೇ, ನಲ್ಲಿ ಇದೆಯೇ, ಶೌಚಾಲಯ ಇದೆಯೇ, ದೀಪ ಇದೆಯೇ ಎಂದು ಒಂದೊಂದಕ್ಕೂ ಗುರುತು ಹಾಕಿಕೊಂಡರು. ಎಲ್ಲವೂ ಸರಿಯಿತ್ತು. ಚಹಾ ಕುಡಿದರು, ಬೈಕಿನ ಮೇಲೆ ಕುಳಿತರು, ಹೊರಟೇಬಿಟ್ಟಿದ್ದರು. ಆ ಹಿಂಗೋಡೆಯನ್ನು ಅವರು ನೋಡಿಯೇ ಇರಲಿಲ್ಲ. ಅಷ್ಟರಲ್ಲಿ, ಮಾನ್ಯರೇ, ನಾನು ಓಡಿಹೋಗಿ ಅವರ ಕೈ ಹಿಡಿದೆ. “ಸಾಹೇಬ್ರ, ಇದೊಂದು ಓದಿ ಹೋಗ್ರಿ” ಎಂದು ಕರೆದೊಯ್ದು ಗೋಡೆಯ ಮುಂದೆ ನಿಲ್ಲಿಸಿದೆ. ಅವರು ಓದಿದರು, ಮತ್ತೊಮ್ಮೆ ಓದಿದರು, ಮೊಬೈಲು ತೆಗೆದು ಫೋಟೊ ಹಿಡಿದರು. ನನ್ನ ಅಜ್ಜನ ಕೀರ್ತಿ ಸರ್ಕಾರಕ್ಕೆ ತಲುಪುತ್ತಿದೆ ಎಂದು ಭಾವಿಸಿ ನಾನು ರುಮಾಲು ಸರಿಪಡಿಸಿಕೊಂಡು ಪಕ್ಕದಲ್ಲಿ ನಿಂತೆ. ಆ ಫೋಟೊ ತಮ್ಮ ಕಡತದಲ್ಲಿದೆ. ಅದರಲ್ಲಿ ಗೋಡೆಯ ಪಕ್ಕ ನಗುತ್ತಿರುವ ಮುದುಕ ನಾನೇ.

ತಿಂಗಳೊಳಗೆ ಆದೇಶ ಬಂತು. ದೇವಸ್ಥಾನದ ಸ್ವತ್ತಿನಲ್ಲಿ ಮತಗಟ್ಟೆ ಇರಕೂಡದು. ಆದಕಾರಣ ನೀಲದಿನ್ನಿಯ ಮತದಾರರನ್ನು ಕೆಂಜಿಹಾಳದ ಮತಗಟ್ಟೆಗೆ ಸೇರಿಸಲಾಗಿದೆ. ಈ ನಿಯಮವನ್ನು ನಾನು ದೂಷಿಸುವುದಿಲ್ಲ. ದೇವರನ್ನು ನಂಬಿದವನಾಗಿಯೇ ಹೇಳುತ್ತೇನೆ, ಅದು ಒಳ್ಳೆಯ ನಿಯಮ. ಗರ್ಭಗುಡಿಯ ಮುಂದೆ ನಿಂತವನು ಅಭ್ಯರ್ಥಿಯನ್ನು ಆರಿಸುವಾಗ ದೇವರ ಮುಖ ನೋಡುತ್ತಾನೆ, ಅರ್ಚಕನ ಮುಖವನ್ನೂ ನೋಡುತ್ತಾನೆ. ಮತ ಹಾಕುವ ಜಾಗದಲ್ಲಿ ಯಾರ ಮುಖವೂ ಇರಬಾರದು. ನಿಯಮ ಸರಿ, ಆದೇಶವೂ ಸರಿ. ಗೋಡೆಯ ಮೇಲಿನ ಬರಹ ಮಾತ್ರ ಸುಳ್ಳು. ಅದು ಸುಳ್ಳೆಂದು ನನಗೆ ತಿಳಿಯುವ ಹೊತ್ತಿಗೆ ಬಸ್ಸಮ್ಮನ ಒಂದು ಮತ ಹೋಗಿತ್ತು.

ಬಸ್ಸಮ್ಮ ನಮ್ಮ ಊರಿನ ಕೆಳಗೇರಿಯವಳು, ಎಪ್ಪತ್ತಾರು ವರ್ಷ. ಅವಳ ಮನೆಯ ಗೂಡಿನಲ್ಲಿ ಬುದ್ಧನ ಮೂರ್ತಿ, ಗೋಡೆಯ ಮೇಲೆ ಬಾಬಾಸಾಹೇಬರ ಪಟ. ಮಗ ದುರುಗೇಶ ಬಸ್ ಕಂಡಕ್ಟರ್. ನನಗೆ ಹೆದರದೆ ಮಾತನಾಡುವ ಇನ್ನೊಬ್ಬಳು ಇವಳೇ. ನಾವಿಬ್ಬರೂ ಮೊದಲ ಮತ ಹಾಕಿದ್ದು ಒಂದೇ ದಿನ, ಒಂದೇ ಕೋಣೆಯಲ್ಲಿ. ಆಗ ಮತದಾನಕ್ಕೆ ಇಪ್ಪತ್ತೊಂದು ತುಂಬಬೇಕಿತ್ತು. ಅಂದು ಸರತಿಯಲ್ಲಿ ಅವಳು ನನ್ನ ಮುಂದೆ ನಿಂತಿದ್ದಳು. ಊರಿನ ಯಾವ ಜಾಗದಲ್ಲಿಯೂ ಅವಳ ಮನೆಯವರು ನನ್ನ ಮನೆಯವರಿಗಿಂತ ಮುಂದೆ ನಿಂತ ಉದಾಹರಣೆ ಇರಲಿಲ್ಲ. ನಾನು ಸಾಲು ಬಿಟ್ಟು ಮುಂದೆ ಹೋದೆ. ಮೇಜಿನ ಹಿಂದಿದ್ದ ಮಾಸ್ತರರು ತಲೆ ಎತ್ತದೆ, “ಸಾಲಿನ್ಯಾಗ ಬರ್ರಿ ಅಯ್ಯಾರ” ಎಂದರು. ಹಿಂದೆ ಬಂದು ಅವಳ ಬೆನ್ನ ಹಿಂದೆ ನಿಂತೆ. ನನ್ನ ಬಾಳಿನ ಮೊದಲ ದೊಡ್ಡ ಹೊಟ್ಟೆಕಿಚ್ಚು ಅದು. ಆದೆಪ್ಪನದು ಬಹಳ ಈಚಿನದು. ಅಲ್ಲಿಂದ ಮುಂದೆ ಐವತ್ತು ವರ್ಷ, ಪ್ರತಿ ಚುನಾವಣೆಯಲ್ಲಿಯೂ ಬಸ್ಸಮ್ಮ ಬೆಳಗ್ಗೆ ಏಳಕ್ಕೆ ಮೊದಲೇ ಬಂದು ಸರತಿಯ ತಲೆಗೆ ನಿಲ್ಲುತ್ತಿದ್ದಳು. ಇನ್ನೂ ಬೇಗ ಎದ್ದು ಅವಳನ್ನು ಮೀರಿಸಲು ನಾನು ಎಷ್ಟೋ ಸಲ ಪ್ರಯತ್ನಿಸಿದೆ. ಪೂಜೆ ಮುಗಿಸಿ ಹೋಗುವುದರೊಳಗೆ ಅವಳು ಅಲ್ಲಿರುತ್ತಿದ್ದಳು. “ಬರ್ರಿ ಅಯ್ಯಾರ, ನನ್ನ ಹಿಂದ ಜಾಗಾ ಖಾಲಿ ಐತಿ” ಎನ್ನುತ್ತಿದ್ದಳು. ಈ ಮಾತನ್ನು ಕೇಳದಿದ್ದರೆ ಚುನಾವಣೆ ನಡೆಯಿತೆಂದೇ ನನಗೆ ಅನ್ನಿಸದಷ್ಟು ಅದು ರೂಢಿಯಾಗಿಹೋಗಿತ್ತು.

ಕೆಂಜಿಹಾಳಕ್ಕೆ ಮತಗಟ್ಟೆ ಹೋದ ಮೊದಲ ಸಲ ದುರುಗೇಶ ಅವಳನ್ನು ಬೈಕಿನ ಮೇಲೆ ಕರೆದೊಯ್ದ. ಕಳೆದ ಲೋಕಸಭಾ ಚುನಾವಣೆಯಲ್ಲಿ ಅವನ ಬಸ್ಸನ್ನೇ ಚುನಾವಣಾ ಕೆಲಸಕ್ಕೆ ಹಾಕಿದ್ದರು. ಎಲ್ಲಿಯದೋ ಮತಗಟ್ಟೆಗೆ ಯಂತ್ರಗಳನ್ನೂ ಸಿಬ್ಬಂದಿಯನ್ನೂ ಮುಟ್ಟಿಸಲು ಹೋಗಿದ್ದ. ಊರಿನಿಂದ ಒಂದು ಪಕ್ಷದವರ ಟ್ರ್ಯಾಕ್ಟರು ಹೊರಟಿತು. ಅವಳು ಹತ್ತಲಿಲ್ಲ. ಪಕ್ಷದವರ ಗಾಡಿಯಲ್ಲಿ ಹೋಗಿ ಮತ ಹಾಕುವುದು ತಪ್ಪೆಂದು ಅವಳ ಗಂಡ ಹೇಳಿಹೋಗಿದ್ದನಂತೆ. ನಾನು? ನಾನು ದಾವಲ್‌ಸಾಬನ ಮೊಪೆಡ್ಡಿನಲ್ಲಿ ಹಿಂದೆ ಕುಳಿತು ಬೆಳಗ್ಗೆಯೇ ಹೋಗಿ, ಆದೆಪ್ಪ ಸರತಿಗೆ ಬರುವ ಮುನ್ನ ಮತ ಹಾಕಿ ಬಂದಿದ್ದೆ. ಬಸ್ಸಮ್ಮ ಹೇಗೆ ಬರುತ್ತಾಳೆಂದು ಯೋಚಿಸಲೂ ಇಲ್ಲ. ಮೇ ತಿಂಗಳ ಬಿಸಿಲು ತಗ್ಗಲೆಂದು ಅವಳು ಮೂರೂವರೆಯವರೆಗೆ ಕಾದು, ಕಾಲುವೆಯ ದಂಡೆ ಹಿಡಿದು ಹೊರಟಳು. ಸೇತುವೆಯ ಮೇಲಿನಿಂದ ಸುತ್ತಿ ಹೋದರೆ ನಾಲ್ಕು ಕಿಲೋಮೀಟರ್. ಎರಡೂ ಮಂಡಿ ಕೆಟ್ಟವಳು. ಹದಿನೈದು ಹೆಜ್ಜೆಗೊಮ್ಮೆ ನಿಂತು, ಸೇತುವೆಯ ಕಲ್ಲಿನ ಮೇಲೆ ಕುಳಿತು, ಕೆಂಜಿಹಾಳದ ಶಾಲೆ ಮುಟ್ಟಿದಾಗ ಆರು ಗಂಟೆ ಐದು ನಿಮಿಷ. ಗೇಟು ಮುಚ್ಚಿತ್ತು. ಆರರೊಳಗೆ ಸರತಿಯಲ್ಲಿದ್ದವರಿಗೆ ಚೀಟಿ ಕೊಟ್ಟಾಗಿತ್ತು. ಪೊಲೀಸರು ಕುರ್ಚಿ ಕೊಟ್ಟರು, ನೀರು ಕೊಟ್ಟರು. ಮತ ಕೊಡಲು ಅವರಿಗೆ ಅಧಿಕಾರವಿರಲಿಲ್ಲ.

ಮರುದಿನ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದಳು. ಹೋಗುವ ಬರುವವರ ಕೈ ನೋಡುತ್ತಿದ್ದಳು. ನಾನು ಹೋದೊಡನೆ ನನ್ನ ಎಡಗೈಯ ತೋರುಬೆರಳು ನೋಡಿದಳು.

“ಊರಾಗ ಎಲ್ಲಾರ ಬಟ್ಟಿಗೂ ಮಸಿ ಐತ್ರೀ ಅಯ್ಯಾರ, ನನ್ನ ಬಟ್ಟಷ್ಟ ಬರಿದೈತಿ,” ಎಂದಳು. “ಸತ್ತವ್ರ ಹೆಸರು ಪಟ್ಟಿಯಿಂದ ತೆಗಿತಾರಂತ. ನಾ ಬದುಕೇ ಇದ್ದೀನಿ.”

“ಟ್ರ್ಯಾಕ್ಟರ್ ಹತ್ತಬೇಕಿತ್ತಲ್ಲ ಯವ್ವಾ?”

“ಹತ್ತಿದ್ರ ಇಳಿವಾಗ ಅವ್ರು ಹೇಳಿದಂಗ ಒತ್ತಬೇಕಲ್ರೀ.” ಮಂಡಿ ನೀವಿಕೊಳ್ಳುತ್ತ ಮುಂದುವರಿಸಿದಳು: “ನಮ್ಮ ಮನಿಯಾತ ಹೇಳತಿದ್ದ: ಊರಾಗ ಎಲ್ಲಾ ಕಡಿ ನಾವು ಹಿಂದ ನಿಂದರ್ತೀವಿ, ಆ ಸಾಲಿ ಖೋಲಿ ಮುಂದ ಒಂದಿನ ಅಷ್ಟ ಮೊದ್ಲು ಬಂದವ್ರು ಮೊದ್ಲು. ಆ ಖೋಲೀನ ನೀವು ದೇವ್ರಿಗೆ ಬರ್ದು ಕೊಟ್ರಿ. ದೇವ್ರಿಗೆ ಗುಡಿ ಇತ್ತಲ್ರೀ ಅಯ್ಯಾರ. ನಮಗ ಅದೊಂದ ಇತ್ತು.”

ದೇವರಿಗೆ ಬರೆದುಕೊಟ್ಟವನು ಅಜ್ಜನೋ ನಾನೋ ಎಂದು ನೋಡಲೇಬೇಕಾಯಿತು. ಮನೆಗೆ ಬಂದು ಅಜ್ಜನ ಟ್ರಂಕು ತೆಗೆದೆ. ತಳದಲ್ಲಿ ಫಸಲಿ ೧೩೫೦ರ, ಅಂದರೆ ಈಗಿನ ಲೆಕ್ಕದಲ್ಲಿ ೧೯೪೧ರ ಸುಮಾರಿನ ದಾನಪತ್ರ ಸಿಕ್ಕಿತು, ಉರ್ದುವಿನಲ್ಲಿತ್ತು. ದಾವಲ್‌ಸಾಬ ಕನ್ನಡಕ ಏರಿಸಿ, ಬೆರಳಿಟ್ಟು, ಒಂದೊಂದೇ ಶಬ್ದ ಓದಿದ.

“ಮದರಸೇಕೆ ವಾಸ್ತೇ ಅಂತ ಐತ್ರೀ ಅಯ್ಯಾರ. ಸಾಲಿಗೆ ಅಂತ. ಸಾಲಿಗೆ ಅಷ್ಟ.”

“ದೇವಸ್ಥಾನದ್ದು ಎಲ್ಲಿ ಬರ್ದಾರ, ಕೆಳಗ ನೋಡು.”

“ಕೆಳಗ ನಿಮ್ಮಜ್ಜಾರ ಸಹಿ ಐತಿ. ದೇವ್ರ ಹೆಸರು ದೀಪ ಹಚ್ಚಿ ಹುಡುಕಿದ್ರೂ ಇಲ್ಲ.” ಕಾಗದ ಮಡಿಚುತ್ತ ಮೆಲ್ಲಗೆ ಹೇಳಿದ: “ನಿಮ್ಮಜ್ಜಾರು ತಮ್ಮ ಹೆಸರು ಗ್ವಾಡಿ ಮ್ಯಾಲ ಬರಸಲಿಲ್ರೀ. ನೀವ ಬರಿಸಿದ್ರಿ.”

ಹೀಗೆ, ಮಾನ್ಯರೇ, ಅಜ್ಜ ಸರ್ವರಿಗೂ ಕೊಟ್ಟದ್ದನ್ನು ಮೊಮ್ಮಗ ದೇವರ ಹೆಸರಿನಲ್ಲಿ ಹಿಂದಕ್ಕೆ ಪಡೆದಿದ್ದ. ಆ ವಾರವೇ ಗೋಡೆಗೆ ಸುಣ್ಣ ಬಿತ್ತು. ದಾವಲ್‌ಸಾಬ ಒಂದೇ ಷರತ್ತು ಹಾಕಿದ: “ಬರ್ದಾವ ನಾನು, ಬರಿಸಿದವ್ರು ನೀವು. ಬಕೀಟು ನೀವ ಹಿಡೀರಿ.” ಹಿಡಿದೆ. ಕೆಂಪು ಅಕ್ಷರಗಳು ಮೂರು ಕೈ ಸುಣ್ಣಕ್ಕೂ ಒಳಗಿನಿಂದ ಇಣುಕುತ್ತಿದ್ದವು, ನಾಲ್ಕನೆಯದಕ್ಕೆ ಅಡಗಿದವು. ದಾನಪತ್ರದ ನಕಲು, ಅದರ ಕನ್ನಡ ಅನುವಾದ, ಶಾಲೆ ಶಿಕ್ಷಣ ಇಲಾಖೆಯದೆಂದು ಮುಖ್ಯೋಪಾಧ್ಯಾಯರು ಕೊಟ್ಟ ಪತ್ರ, ಇಷ್ಟನ್ನೂ ಸೇರಿಸಿ ತಮಗೆ ಮೂರು ಸಲ ಬರೆದೆ. ಒಂದಕ್ಕೆ ಉತ್ತರ ಬಂತು: ‘ನೀಲದಿನ್ನಿ ಹಾಗೂ ಕೆಂಜಿಹಾಳದ ನಡುವಿನ ಅಂತರ ೧.೬ ಕಿ.ಮೀ. ಇದ್ದು, ಎರಡು ಕಿ.ಮೀ. ಒಳಗಿರುವುದರಿಂದ ನಿಯಮಾನುಸಾರವಾಗಿದೆ.’ ನಿಜ. ನಕ್ಷೆಯ ಮೇಲೆ ಗೆರೆ ಎಳೆದರೆ ಅಷ್ಟೇ. ಗೆರೆ ಕಾಲುವೆಯನ್ನು ನೇರವಾಗಿ ದಾಟುತ್ತದೆ. ಗೆರೆಗೆ ಈಜು ಬರುತ್ತದೆ, ಬಸ್ಸಮ್ಮನಿಗೆ ಬರುವುದಿಲ್ಲ. ಎಂಬತ್ತೈದು ತುಂಬಿದವರ ಮನೆಗೆ ಆಯೋಗವೇ ಪೆಟ್ಟಿಗೆ ತರುತ್ತದೆಂದು ತಮ್ಮ ಗುಮಾಸ್ತರು ಸಮಾಧಾನ ಹೇಳಿದರು. ಇನ್ನು ಒಂಬತ್ತು ವರ್ಷ ಅದೇ ಬೇವಿನ ಕಟ್ಟೆಯ ಮೇಲೆ ಕುಳಿತು ಮುಪ್ಪನ್ನು ಕಾಯುವಂತೆ ನಾನು ಅವಳಿಗೆ ಹೇಳಬೇಕೆ?

ಅಷ್ಟರಲ್ಲಿ ದೈವವೇ ಕಣ್ಣು ತೆರೆದಂತಾಯಿತು. ಒಂದು ಮತಗಟ್ಟೆಗೆ ಸಾವಿರದ ಇನ್ನೂರಕ್ಕಿಂತ ಹೆಚ್ಚು ಮತದಾರರಿರಬಾರದೆಂಬ ಹೊಸ ಸೂಚನೆ ಬಂತು. ಕೆಂಜಿಹಾಳದವರು ಏಳುನೂರ ನಾಲ್ಕು, ನಾವು ಆರುನೂರ ಹನ್ನೊಂದು. ಕೂಡಿದರೆ ಸಾವಿರದ ಮುನ್ನೂರ ಹದಿನೈದು. ಒಡೆಯಲೇಬೇಕು. ಎರಡು ಊರು, ಎರಡು ಶಾಲೆ, ಎರಡು ಮತಗಟ್ಟೆ. ಒಂದನೆಯ ತರಗತಿಯ ಮಗು ಬಿಡಿಸಬಲ್ಲ ಲೆಕ್ಕ. ತಮ್ಮ ಕಚೇರಿ ಅದನ್ನು ಎರಡು ಕೋಣೆ ಎಂದು ಬಿಡಿಸಿತು! ನಮ್ಮ ಊರಿನ ಮತದಾರರ ಪಟ್ಟಿ ನೋಡಿಕೊಳ್ಳುವವಳು ಅಂಗನವಾಡಿಯ ಮಹಾಲಕ್ಷ್ಮಿ. ಪಟ್ಟಿಯ ಮುಂದೆ ನಿಂತಿದ್ದ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು:

“ಅಜ್ಜಾರ, ಸಿಟ್ಟಾಗಬ್ಯಾಡ್ರಿ. ನಾ ಕಳಿಸಿದ ವರದಿಯಾಗ ನಮ್ಮ ಸಾಲೀನ ಬರ್ದಿದ್ದೆ. ಮ್ಯಾಲಿನವ್ರು ಹಳೇ ಫೋಟೊ ತೆಗ್ದು ನೋಡ್ಯಾರ. ಇದು ದೇವಸ್ಥಾನದ್ದು ಅಂತ ಹೊಡ್ದು ಹಾಕ್ಯಾರ.”

“ಸುಣ್ಣಾ ಹಚ್ಚಿ ವರ್ಷ ಆಗಿಹೋತಲ್ಲವಾ?”

“ಗ್ವಾಡಿಗೆ ಹಚ್ಚೀರಿ ಅಜ್ಜಾರ. ಫೋಟೊಕ್ಕ ಹಚ್ಚಿಲ್ಲಲ್ಲ.”

ಆದ್ದರಿಂದ ಈ ಬಹಿರಂಗ ಪತ್ರ. ಸಂಸತ್ತು, ವಿಧಾನಸಭೆ, ಪಂಚಾಯಿತಿ ಎಂಬ ಮೂರು ಅಂತಸ್ತಿನ ಸೌಧಕ್ಕೂ ನಮ್ಮ ಊರಿಗೂ ನಡುವೆ ಈಗ ಅಡ್ಡವಾಗಿರುವುದು ಒಂದು ಹಳೆಯ ಫೋಟೊ. ಅದರಲ್ಲಿರುವುದು ನನ್ನ ಮತ್ಸರದ ಮುಖ. ನನ್ನ ಬೇಡಿಕೆ ಅತ್ಯಂತ ಚಿಕ್ಕದು. ಉಳಿದಿರುವ ಮೂರು ದಿನಗಳೊಳಗೆ ತಮ್ಮ ಸಿಬ್ಬಂದಿಯಲ್ಲಿ ಒಬ್ಬರು ನೀಲದಿನ್ನಿಗೆ ಬರಲಿ. ಹಿಂಗೋಡೆಯನ್ನು ನೋಡಲಿ, ದಾನಪತ್ರವನ್ನು ನೋಡಲಿ, ಕಾಲುವೆಯ ದಂಡೆಯ ಮೇಲೆ ಬಸ್ಸಮ್ಮನ ಹೆಜ್ಜೆಯಲ್ಲಿ ಒಮ್ಮೆ ಕೆಂಜಿಹಾಳದವರೆಗೆ ನಡೆದು ಅಂತರವನ್ನು ಅಳೆಯಲಿ. ಹೊಸ ಫೋಟೊ ತೆಗೆಯಲಿ. ಈ ಸಲ ನಾನು ಅದರಲ್ಲಿ ನಿಲ್ಲುವುದಿಲ್ಲ. ಗೋಡೆಯೊಂದೇ ಇರಲಿ, ಬೆಳ್ಳಗೆ. ಆಮೇಲೆ ಎಡಗಡೆಯ ಕೋಣೆ ಎಂಬಲ್ಲಿ ನೀಲದಿನ್ನಿ ಎಂದು ತಿದ್ದಿ ಸಹಿ ಹಾಕಬೇಕು. ದೀಪದ ಕಂಬ ಬೇಡ, ಭವನ ಬೇಡ, ಕರಿಕಲ್ಲಿನ ಫಲಕವಂತೂ ಖಂಡಿತ ಬೇಡ. ಕೆಂಜಿಹಾಳದಿಂದ ಏನನ್ನೂ ಕಿತ್ತುಕೊಳ್ಳಬೇಡಿರಿ. ಅವರ ಬಲಗಡೆಯ ಕೋಣೆ ಅವರಿಗೇ ಇರಲಿ. ಆದೆಪ್ಪ ಅಲ್ಲಿ ಟಾವೆಲ್ ಹಾಸಿಕೊಂಡು ಸುಖವಾಗಿ ಕೂರಲಿ.

ಇಷ್ಟಾದರೆ ನನ್ನ ಹೊಟ್ಟೆಕಿಚ್ಚು ಆರುತ್ತದೆಯೇ? ಭರವಸೆ ಕೊಡಲಾರೆ. ಮುಂದಿನ ಚುನಾವಣೆಯ ದಿನ ನಾನು ನಾಲ್ಕಕ್ಕೆ ಎದ್ದು, ಪೂಜೆಯನ್ನೂ ಮೊಟಕುಗೊಳಿಸಿ, ಆರೂವರೆಗೆ ಶಾಲೆಯ ಮುಂದೆ ಹೋಗುತ್ತೇನೆ. ಅಷ್ಟರಲ್ಲಿ ಬಸ್ಸಮ್ಮ ಕೋಲೂರಿ ಬಂದು ಸರತಿಯ ತಲೆಗೆ ನಿಂತಿರುತ್ತಾಳೆ, ತಿರುಗಿ ನೋಡಿ ಹಿಂದೆ ಜಾಗ ಖಾಲಿ ಇದೆ ಎನ್ನುತ್ತಾಳೆ. ನನಗೆ ಮತ್ತೆ ಹೊಟ್ಟೆ ಉರಿಯುತ್ತದೆ. ಆ ಉರಿಯನ್ನು ಮಾತ್ರ ನನಗೆ ಮರಳಿ ಕೊಡಿಸಿರಿ. ಅವಳ ಹಿಂದೆ ನಿಲ್ಲುವುದಕ್ಕೆ ನಾನು ಸಿದ್ಧನಾಗಿದ್ದೇನೆ.

ಇಂತಿ,
ತಮ್ಮ ಕಡತದ ಹಳೆಯ ಫೋಟೊದಲ್ಲಿ ಗೋಡೆಯ ಪಕ್ಕ ರುಮಾಲು ಸರಿಪಡಿಸಿಕೊಂಡು ನಗುತ್ತಿರುವ ಮುದುಕ,
ಕರಿಬಸಯ್ಯ
ನೀಲದಿನ್ನಿ (ಸದ್ಯಕ್ಕೆ ತಮ್ಮ ಪಟ್ಟಿಯ ಪ್ರಕಾರ ಕೆಂಜಿಹಾಳ, ಎಡಗಡೆಯ ಕೋಣೆ)